ಕನ್ನಡ ಟೀಚರ್ ಆಡಿದ ಐದು ವಿಡಿಯೋ ಗೇಮುಗಳು

ವಿಡಿಯೋ ಗೇಮ್ ಎಂದರೆ ನಮ್ಮ ಪೋಷಕರಲ್ಲಿ ಅನೇಕರಿಗೆ ಸಿಟ್ಟು ನೆತ್ತಿಗೇರುತ್ತದೆ. "ಇಡೀ ದಿನ ಅದರ ಮುಂದೇನೇ ಕೂತಿರ್ತಾನೆ, ನೀವಾದರೂ ಸ್ವಲ್ಪ ಹೇಳಿ ಟೀಚರ್" ಎಂಬ ದೂರನ್ನು ಶನಿವಾರಗಳಂದು ತರಗತಿಯ ಬಾಗಿಲಲ್ಲೇ ಕೇಳುತ್ತೇನೆ. ಒಳಗೆ ಬಂದ ಮಕ್ಕಳು ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟುವುದೂ ಗೇಮುಗಳ ಬಗ್ಗೆಯೇ, ಅದೂ ಇಂಗ್ಲಿಷಿನಲ್ಲಿ. ಆ ಮಾತನ್ನು ನಿಲ್ಲಿಸುವುದು ಯಾರಿಂದಲೂ ಆಗದು. ಅದನ್ನು ಕನ್ನಡದಲ್ಲಾದರೂ ಆಡಲಿ ಎಂಬ ಸ್ವಾರ್ಥದಿಂದ, ಕಳೆದ ಒಂದು ವರ್ಷದಲ್ಲಿ ಮಕ್ಕಳು ಹೆಸರಿಸಿದ ಹಲವು ಗೇಮುಗಳನ್ನು ನಾನೂ ಆಡಿದೆ. ಅವುಗಳಲ್ಲಿ ನನಗೆ ಹಿಡಿಸಿದ ಐದಕ್ಕೆ ಇಲ್ಲಿ ಸ್ಥಾನ ಕೊಟ್ಟಿದ್ದೇನೆ. ಎಲ್ಲವೂ ಕಳೆದ ವರ್ಷವೇ ಬಿಡುಗಡೆಯಾದವಲ್ಲ. ನಾನು ಆಡಿದ್ದು ಕಳೆದ ವರ್ಷ, ಅಷ್ಟೇ.

ಅಂಕ ಕೊಡುವಾಗ ನಾನು ಚಿತ್ರದ ಚಂದ, ವೇಗ, ಸಂಗೀತಗಳನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಟ ಮುಗಿಸಿ ಎದ್ದ ಮಗುವಿನ ಬಾಯಿಂದ ಕನ್ನಡದ ಮಾತು ಹೊರಟಿತೇ ಎಂಬುದೊಂದೇ ನನ್ನ ಅಳತೆಗೋಲು. ಇದಕ್ಕೆ ಕಾರಣವಿದೆ. ಈ ದೇಶದಲ್ಲಿ ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಕಲಿತ ಮಕ್ಕಳಿಗೆ ಜಿಸಿಎಸ್‌ಇ ಪರೀಕ್ಷೆ ಬರೆಯುವ ಅವಕಾಶವಿದೆ. ಕನ್ನಡಕ್ಕೆ ಇಲ್ಲ. ಅಂಕವಿಲ್ಲ, ಸರ್ಟಿಫಿಕೇಟಿಲ್ಲ. ಮನೆಯಲ್ಲಿ ಕನ್ನಡ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹನ್ನೆರಡು ವರ್ಷದ ಹುಡುಗನಿಗೆ "ಇದನ್ನು ಯಾಕೆ ಕಲಿಯಬೇಕು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯಲ್ಲಿ ಈ ಆಟಗಳು ಸಿಕ್ಕವು.

ಐದನೆಯ ಸ್ಥಾನ 'ಬಲಾಟ್ರೊ'ಗೆ. ೨೦೨೪ರ ಫೆಬ್ರವರಿಯಲ್ಲಿ ಬಂದ ಈ ಇಸ್ಪೀಟಿನ ಆಟವನ್ನು ಮಾಡಿದವರು ಲೋಕಲ್‌ಥಂಕ್ ಎಂಬ ಅಡ್ಡಹೆಸರಿನ ಕೆನಡಾದ ಒಬ್ಬರೇ ವ್ಯಕ್ತಿ. ಪೋಕರಿನ ಜೋಡಿಗಳನ್ನು ಕೂಡಿಸಿ ಅಂಕ ಗಳಿಸಬೇಕು. ನಿಜವಾದ ಹಣ ಪಣಕ್ಕಿಡುವುದಿಲ್ಲ. ಆದರೂ ಜೂಜನ್ನು ಕಲಿಸುತ್ತದೆಂದು ಯುರೋಪಿನ ವಯೋಮಿತಿ ಸಂಸ್ಥೆ ಪೆಗಿ ಇದಕ್ಕೆ ೧೮ರ ಗುರುತು ಕೊಟ್ಟಿತ್ತು. ಮೇಲ್ಮನವಿಯ ನಂತರ ೨೦೨೫ರ ಫೆಬ್ರವರಿಯಲ್ಲಿ ಅದನ್ನು ೧೨ಕ್ಕೆ ಇಳಿಸಿತು. ಪೋಷಕರು ಇಲ್ಲಿ ಒಂದು ವಿಷಯ ತಿಳಿದಿರಬೇಕು. ೨೦೧೨ರಿಂದ ಬ್ರಿಟನ್ನಿನಲ್ಲಿ ೧೨, ೧೬, ೧೮ರ ಪೆಗಿ ಗುರುತಿರುವ ಗೇಮಿನ ಡಬ್ಬಿಗಳನ್ನು ಆ ವಯಸ್ಸಿಗಿಂತ ಚಿಕ್ಕವರಿಗೆ ಅಂಗಡಿಯವರು ಮಾರುವಂತಿಲ್ಲ. ಆದರೆ ಗುರುತು ಚಿಕ್ಕದಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ನಮ್ಮ ಹುಡುಗರ ಪ್ರಾಣವಾದ 'ಇಎ ಸ್ಪೋರ್ಟ್ಸ್ ಎಫ್‌ಸಿ ೨೫' ಫುಟ್‌ಬಾಲ್ ಗೇಮಿಗೆ ೩ರ ಗುರುತು. ಅದರೊಳಗೆ ನಿಜವಾದ ದುಡ್ಡು ಕೊಟ್ಟು, ಯಾವ ಆಟಗಾರ ಸಿಗುತ್ತಾನೆಂದು ತಿಳಿಯದ ಪೊಟ್ಟಣಗಳನ್ನು ಕೊಳ್ಳಬಹುದು! ಯಾವುದು ಜೂಜು ಎಂದು ನೀವೇ ಹೇಳಿ. ಇರಲಿ. ಬಲಾಟ್ರೊ ನನ್ನ ಪಟ್ಟಿಗೆ ಬಂದದ್ದು ತಾತಂದಿರಿಂದ. ಬೇಸಿಗೆಗೆ ಮೈಸೂರಿನಿಂದ ಬಂದ ತಾತನೊಬ್ಬರು ಮೊಮ್ಮಗಳ ಪಕ್ಕ ಕೂತು ಎಕ್ಕ, ರಾಜ, ರಾಣಿ, ಗುಲಾಮ, ಕಳಾವರ್, ಆಟೀನ್ ಎಂದು ಹೇಳಿಕೊಟ್ಟರಂತೆ. ನಾನು ವರ್ಷವಿಡೀ ಪಾಠ ಮಾಡಿದ್ದರೂ ಆ ಪದಗಳು ನನ್ನ ಪಾಠದಲ್ಲಿ ಬರುತ್ತಿರಲಿಲ್ಲ.

ನಾಲ್ಕನೆಯದು 'ಆಸ್ಟ್ರೋ ಬಾಟ್'. ೨೦೨೪ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಇದು ೨೦೨೫ರ ಏಪ್ರಿಲಿನಲ್ಲಿ ಬಾಫ್ಟಾದ ಅತ್ಯುತ್ತಮ ಗೇಮ್ ಪ್ರಶಸ್ತಿ ಪಡೆಯಿತು. ಪುಟ್ಟ ರೋಬೋ ಹಾರುತ್ತದೆ, ಜಿಗಿಯುತ್ತದೆ, ಗೆಳೆಯರನ್ನು ಹುಡುಕುತ್ತದೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಅದೇ ಇದರ ಗುಣ: ಪರದೆಯಿಂದ ಇಂಗ್ಲಿಷ್ ಬಾರದಿದ್ದಾಗ ಆ ಖಾಲಿ ಜಾಗವನ್ನು ಅಮ್ಮನೋ ಅಪ್ಪನೋ "ಹಾರು, ಹಾರು, ಅಯ್ಯೋ ಬಿದ್ದೆ!" ಎಂದು ತುಂಬಬಹುದು.

ಮೂರನೆಯ ಸ್ಥಾನದಲ್ಲಿರುವ 'ದಿ ಪ್ಲಕಿ ಸ್ಕ್ವೈರ್' ಕೂಡ ೨೦೨೪ರದು. ಜಾಟ್ ಎಂಬ ಪುಟ್ಟ ವೀರ ಒಂದು ಕಥೆಪುಸ್ತಕದೊಳಗೆ ಇರುತ್ತಾನೆ. ಪುಟದ ಮೇಲಿನ ವಾಕ್ಯದಿಂದ ಒಂದು ಪದವನ್ನು ಕಿತ್ತು ಅಲ್ಲಿ ಇನ್ನೊಂದನ್ನು ಇಟ್ಟರೆ ಕಥೆಯ ಲೋಕವೇ ಬದಲಾಗುತ್ತದೆ. ಭಾಷಾ ಶಿಕ್ಷಕರಿಗೆ ಇದಕ್ಕಿಂತ ಹಬ್ಬ ಬೇಕೆ? ಇದನ್ನು ಕಾಗದದ ಚೀಟಿಗಳಲ್ಲಿ ಮಾಡಿ ತರಗತಿಗೆ ಒಯ್ದೆ. ವಾಕ್ಯ: 'ಕಾಡಿನಲ್ಲಿ ಹುಲಿ ಮಲಗಿತ್ತು.' ಹುಲಿಯ ಚೀಟಿ ತೆಗೆದು 'ಅಜ್ಜ' ಎಂಬ ಚೀಟಿ ಇಟ್ಟಾಗ 'ಅಜ್ಜ ಮಲಗಿತ್ತು' ಎಂದಾಯಿತು. ಇಡೀ ತರಗತಿ ನಕ್ಕಿತು. ಯಾಕೆ ನಕ್ಕಿರಿ ಎಂದು ಕೇಳಿದರೆ ಯಾರಿಗೂ ನಿಯಮ ಹೇಳಲು ಬರಲಿಲ್ಲ, ಆದರೆ ತಪ್ಪೆಂದು ಎಲ್ಲರಿಗೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ಹುಲಿಯಾದರೂ ಅಜ್ಜನಾದರೂ ರಾಣಿಯಾದರೂ ಕ್ರಿಯಾಪದ ಹಾಗೆಯೇ ಇರುತ್ತದೆ. ಕನ್ನಡದಲ್ಲಿ ಹುಲಿ ಮಲಗಿತ್ತು, ರಾಣಿ ಮಲಗಿದ್ದಳು, ಅಜ್ಜ ಮಲಗಿದ್ದರು. ಲಿಂಗ, ವಚನ, ಗೌರವ ಮೂರೂ ವಾಕ್ಯದ ಬಾಲದಲ್ಲಿ ಕೂತಿವೆ. ಮನೆಯಲ್ಲಿ ಕೇಳಿ ಕೇಳಿ ಮಕ್ಕಳ ಕಿವಿಗೆ ವ್ಯಾಕರಣ ಬಂದಿದೆ. ಬಾಯಿಗೆ ಬರುವುದಷ್ಟೇ ಬಾಕಿ. ಅಂದು ನಲವತ್ತು ನಿಮಿಷ ಅವರು ಕನ್ನಡ ಬಿಟ್ಟು ಬೇರೆ ಮಾತಾಡಲಿಲ್ಲ.

ಎರಡನೆಯದು 'ಚಾಂಟ್ಸ್ ಆಫ್ ಸೆನ್ನಾರ್', ಫ್ರಾನ್ಸಿನ ರಂಡಿಸ್ಕ್ ಎಂಬ ಪುಟ್ಟ ತಂಡ ೨೦೨೩ರಲ್ಲಿ ಹೊರತಂದದ್ದು. ಬೇಬೆಲ್ ಗೋಪುರದ ಹಳೆಯ ಕಥೆಯೇ ಇದಕ್ಕೆ ಪ್ರೇರಣೆ. ಗೋಪುರದ ಒಂದೊಂದು ಅಂತಸ್ತಿನಲ್ಲಿ ಒಂದೊಂದು ಜನಾಂಗ, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ನಮಗೆ ಯಾವುದೂ ತಿಳಿಯದು. ಗೋಡೆಯ ಮೇಲೆ, ಜನರ ಮಾತಿನಲ್ಲಿ ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಬಾಗಿಲ ಪಕ್ಕ ಕಂಡ ಚಿಹ್ನೆ 'ಬಾಗಿಲು' ಇರಬಹುದೇ, 'ತೆರೆ' ಇರಬಹುದೇ ಎಂದು ಊಹಿಸಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮುಂದೆ ಚಿತ್ರಗಳ ಜೊತೆ ಸರಿಯಾಗಿ ಹೊಂದಿಸಿದರೆ ಊಹೆ ಖಚಿತವಾಗುತ್ತದೆ. ಮೊದಲ ಭಾಷೆಯಲ್ಲಿ ಬಹುವಚನಕ್ಕೆ ಅದೇ ಚಿಹ್ನೆಯನ್ನು ಎರಡು ಸಲ ಬರೆಯುತ್ತಾರೆ. ಇದನ್ನು ಕಂಡ ಒಬ್ಬ ಹುಡುಗಿ "ಟೀಚರ್, ನಾವು ದೊಡ್ಡ ದೊಡ್ಡ ಮನೆ ಅಂತೀವಲ್ಲ, ಹಾಗೇನಾ?" ಎಂದಳು. ಅವಳು ಹೇಳಿದ್ದು ಪೂರ್ತಿ ಬಹುವಚನವಲ್ಲ, ಆದರೆ ದ್ವಿರುಕ್ತಿಯನ್ನು ತಾನೇ ಪತ್ತೆ ಹಚ್ಚಿದ್ದಳು. ಪಠ್ಯಪುಸ್ತಕದಲ್ಲಿ ಇದಕ್ಕೆ ನಾನು ಅರ್ಧ ಪುಟ ಕೊಡುತ್ತೇನೆ, ಯಾರೂ ಓದುವುದಿಲ್ಲ. ಇನ್ನೊಬ್ಬ ಹುಡುಗ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಬಸ್ಸಿನ ಬೋರ್ಡುಗಳನ್ನು ಇದೇ ಉಪಾಯದಿಂದ ಓದಿದನಂತೆ: ಕಂಡಕ್ಟರ್ ಕೂಗಿದ ಹೆಸರನ್ನೂ ಬೋರ್ಡಿನ ಅಕ್ಷರಗಳನ್ನೂ ತಾಳೆ ನೋಡಿ 'ನಗರ'ವನ್ನು ಮೊದಲು ಗುರುತಿಸಿದನಂತೆ. ಜಯನಗರ, ರಾಜಾಜಿನಗರ, ವಿಜಯನಗರ. ಬೆಂಗಳೂರಿನಲ್ಲಿ ಆ ಒಂದು ಪದ ಬಂದರೆ ಅರ್ಧ ಊರು ಓದಿದಂತೆಯೇ.

ಮೊದಲ ಸ್ಥಾನದ ಬಗ್ಗೆ ನನಗೆ ಕ್ಷಣವೂ ಅನುಮಾನವಿರಲಿಲ್ಲ. ಅದು 'ವೆಣ್ಬಾ'. ಟೊರಾಂಟೋದ ವಿಸೈ ಗೇಮ್ಸ್ ತಂಡ ೨೦೨೩ರ ಜುಲೈ ೩೧ರಂದು ಬಿಡುಗಡೆ ಮಾಡಿದ ಈ ಗೇಮ್, ೨೦೨೪ರ ಏಪ್ರಿಲಿನಲ್ಲಿ ಇದೇ ಲಂಡನ್ನಿನಲ್ಲಿ ಬಾಫ್ಟಾದ ಚೊಚ್ಚಲ ಗೇಮ್ ಪ್ರಶಸ್ತಿ ಗೆದ್ದಿತು. ವೆಣ್ಬಾ ತಮಿಳಿನ ಒಂದು ಛಂದಸ್ಸಿನ ಹೆಸರು. ನಾವು ಮಗಳಿಗೆ ತ್ರಿಪದಿ ಎಂದು ಹೆಸರಿಟ್ಟಂತೆ. (ಯಾರಾದರೂ ಇಟ್ಟರೆ ನನಗೆ ತಿಳಿಸಿ.) ೧೯೮೦ರ ದಶಕದಲ್ಲಿ ಗಂಡನೊಡನೆ ಕೆನಡಾಕ್ಕೆ ಬಂದ ತಮಿಳು ಹೆಣ್ಣುಮಗಳ ಕಥೆ. ಊರಿಂದ ತಂದ ಅಮ್ಮನ ಅಡುಗೆ ಪುಸ್ತಕ ಹರಿದು, ಮಸುಕಾಗಿ ಹೋಗಿದೆ. ಕಾಣೆಯಾದ ಹಂತಗಳನ್ನು ನಾವು ತರ್ಕದಿಂದ ತುಂಬಬೇಕು. ಮೊದಲ ಅಡುಗೆಯೇ ಇಡ್ಲಿ. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಇಟ್ಟರೆ ಹಬೆ ಎಲ್ಲ ಇಡ್ಲಿಗೂ ತಲುಪುತ್ತದೆ? ನಮ್ಮ ಮನೆಗಳಲ್ಲಿ ತಾಯಂದಿರು ಯೋಚಿಸದೆ ಮಾಡುವ ಕೆಲಸ ಇಲ್ಲಿ ಒಗಟಾಗಿದೆ.

ಆದರೆ ಅಡುಗೆ ಬರೀ ನೆಪ. ವೆಣ್ಬಾಳ ಮಗ ಕವಿನ್ ಶಾಲೆಗೆ ಸೇರುತ್ತಾನೆ, ಮನೆಯ ಊಟ ಬೇಡವೆನ್ನುತ್ತಾನೆ, ಅಮ್ಮನ ತಮಿಳಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಮುಂದೊಂದು ಅಧ್ಯಾಯದಲ್ಲಿ ನಾವೇ ಕವಿನ್ ಆಗುತ್ತೇವೆ. ದೊಡ್ಡವನಾದ ಅವನು ಅಮ್ಮನ ಪುಸ್ತಕ ಬಿಚ್ಚಿ ಒಂದು ಅಡುಗೆ ಮಾಡಲು ಹೊರಡುತ್ತಾನೆ. ಈ ಸಲ ಪುಟ ಹರಿದಿಲ್ಲ, ಶಾಯಿ ಮಸುಕಾಗಿಲ್ಲ. ಅವನಿಗೆ ತಮಿಳು ಓದಲು ಸರಿಯಾಗಿ ಬರುವುದಿಲ್ಲ, ಅಷ್ಟೇ. ಪಾಕವಿಧಾನ ಅರ್ಧಂಬರ್ಧ ಪದಗಳಾಗಿ ನಮ್ಮೆದುರು ನಿಲ್ಲುತ್ತದೆ. ಅಲ್ಲಿ ನಾನು ಆಟ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಭಾಷೆ ಹೋದರೆ ಏನು ಹೋಗುತ್ತದೆ ಎಂದು ಭಾಷಣಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅಮ್ಮನ ಕೈಬರಹ ಕಣ್ಣೆದುರಿದ್ದೂ ಓದಲಾಗದ ಸ್ಥಿತಿಯನ್ನು ಇಷ್ಟು ಸರಳವಾಗಿ ಯಾವ ಭಾಷಣವೂ ತೋರಿಸಿರಲಿಲ್ಲ.

ಈ ಗೇಮಿಗೆ ಒಂದೂವರೆ ಗಂಟೆ ಸಾಕು. ಆಡಿ ಬಂದ ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ: ಊರಿನ ಅಜ್ಜಿಗೆ ಫೋನ್ ಮಾಡಿ ಒಂದು ಅಡುಗೆ ಕೇಳಿ ಕನ್ನಡದಲ್ಲಿ ಬರೆದು ತನ್ನಿ. ಇಂಗ್ಲಿಷಿನ ಒಂದೇ 'ಗ್ರೈಂಡ್' ಎದುರು ಅರೆ, ರುಬ್ಬು, ಬೀಸು, ಪುಡಿ ಮಾಡು ಎಂಬ ಬೇರೆಬೇರೆ ಮಾತುಗಳು ಬಂದವು. ಚಟ್ನಿ ಅರೆಯುತ್ತಾರೆ, ಹಿಟ್ಟು ರುಬ್ಬುತ್ತಾರೆ, ರಾಗಿ ಬೀಸುತ್ತಾರೆ. ಒಬ್ಬನ ಪ್ರಶ್ನೆ: "ಅಜ್ಜಿ ಉಪ್ಪು ಕಣ್ಣಳತೇಲಿ ಹಾಕು ಅಂದ್ರು, ಅದು ಎಷ್ಟು ಗ್ರಾಂ ಟೀಚರ್?"

ಮಕ್ಕಳು ಕೇಳಿದ ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು: "ಕನ್ನಡದಲ್ಲಿ ಇಂಥದ್ದು ಯಾಕಿಲ್ಲ?" ಇದಕ್ಕೆ ಒಂದು ತಾಂತ್ರಿಕ ಕಾರಣವಿದೆ. ನಾವು 'ಸ್ತ್ರೀ' ಎಂದು ಒಂದು ಅಕ್ಷರ ಬರೆದರೆ ಯೂನಿಕೋಡಿನಲ್ಲಿ ಅದು ಆರು ಸಂಕೇತ: ಸ, ಹಲಂತ, ತ, ಹಲಂತ, ರ ಮತ್ತು ಈಕಾರ. ಇವನ್ನು ಕೂಡಿಸಿ ಒತ್ತು ಕೆಳಗೆ, ಗುಣಿತ ಮೇಲೆ ಕೂರಿಸುವುದು ಬೇರೆಯೇ ಒಂದು ಕೆಲಸ. ನಮ್ಮ ಫೋನುಗಳಲ್ಲಿ ಅದನ್ನು ಮಾಡುವ ತಂತ್ರಾಂಶ ಇದೆ. ಗೇಮ್ ತಯಾರಿಸುವ ಅನೇಕ ಸಾಧನಗಳು ಮಾತ್ರ ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ಸಾಲಾಗಿ ಇಡುತ್ತಾ ಹೋಗುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಅಕ್ಷರ ಚೆಲ್ಲಾಪಿಲ್ಲಿ. ಎರಡನೆಯ ಕಾರಣ ಮಾರುಕಟ್ಟೆ. ಅನುವಾದವೆಂದರೆ ಮೊದಲು ಫ್ರೆಂಚ್, ಇಟಾಲಿಯನ್, ಜರ್ಮನ್, ಸ್ಪ್ಯಾನಿಷ್ ಎಂಬ ರೂಢಿ ಬಿದ್ದಿದೆ. ೨೦೧೧ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದವರು ಸುಮಾರು ೪.೩೭ ಕೋಟಿ. ಜನ ಕಡಿಮೆಯಿಲ್ಲ. ಆದರೆ ಅವರು ಇಂಗ್ಲಿಷಿನಲ್ಲೇ ಆಡಿಕೊಳ್ಳುತ್ತಾರೆ ಎಂದು ಕಂಪನಿಗಳು ಎಣಿಸಿದರೆ ನಾವು ತಾನೇ ಏನು ಹೇಳೋಣ?

ಆಗದ ಕೆಲಸವೇನಲ್ಲ. ತಂದೆಯ ಸಾವಿನ ದುಃಖದಿಂದ ಬ್ರಿಟಿಷ್ ನಟ ಅಬೂಬಕರ್ ಸಲೀಂ ರೂಪಿಸಿದ 'ಟೇಲ್ಸ್ ಆಫ್ ಕೆನ್ಜೆರಾ: ಜಾವ್' (೨೦೨೪) ಗೇಮನ್ನು ಸ್ವಾಹಿಲಿ ಧ್ವನಿಯಲ್ಲೂ ಆಡಬಹುದು. ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' ೨೦೨೦ರಲ್ಲಿ ಇಂಗ್ಲಿಷಿನಲ್ಲಿ ಬಂತು, ಎರಡು ವರ್ಷದ ನಂತರ ಹಿಂದಿಯಲ್ಲೂ ಮಾತಾಡಿತು. ಅದರ ಕಥೆ ಹೇಳುವುದು ತೊಗಲುಗೊಂಬೆಯಾಟದ ಶೈಲಿಯಲ್ಲಿ. ನಮ್ಮ ಹಳ್ಳಿಗಳ ಗೊಂಬೆಯಾಟ ಕಂಡವರಿಗೆ ಅದು ಹೊಸದೆನಿಸದು.

ತರಗತಿಯ ಗೋಡೆಯ ಮೇಲೆ ಅಜ್ಜಿಯರು ಕೊಟ್ಟ ಕ್ರಿಯಾಪದಗಳ ಪಟ್ಟಿ ಅಂಟಿಸಿದ್ದೇವೆ: ಹುರಿ, ಹೆಚ್ಚು, ತುರಿ, ಅರೆ, ರುಬ್ಬು, ಸೋಸು, ಕೇರು, ನಾದು, ಲಟ್ಟಿಸು, ಬಾಡಿಸು, ಕದಡು. ಸದ್ಯಕ್ಕೆ ಇಪ್ಪತ್ತೊಂಬತ್ತು ಆಗಿವೆ. ಉತ್ತರ ಕರ್ನಾಟಕದ ಕಡೆಯವರ ಮಾತುಗಳು ಅದರಲ್ಲಿ ತೀರ ಕಡಿಮೆ. ಆ ಮನೆಗಳ ಪೋಷಕರು ಶನಿವಾರ ಮಕ್ಕಳ ಕೈಯಲ್ಲಿ ಒಂದು ಚೀಟಿ ಕಳುಹಿಸಿದರೆ ಸೇರಿಸುತ್ತೇವೆ.