ತೆರಿಗೆ ಬಿಟ್ಟುಕೊಟ್ಟರೆ ಉದ್ಯೋಗ ಬರುತ್ತದೆಯೇ? ಹೈದರಾಬಾದ್ ಹೇಳುವ ಸತ್ಯ

ದೊಡ್ಡ ಹೂಡಿಕೆಯೊಂದು ತೆಲಂಗಾಣದ ಪಾಲಾದಾಗಲೆಲ್ಲ ಕರ್ನಾಟಕದಲ್ಲಿ ಒಂದೇ ಮಾತು ಕೇಳಿಬರುತ್ತದೆ: ‘ಅವರು ತೆರಿಗೆ ಬಿಟ್ಟರು, ನಾವು ಬಿಡಲಿಲ್ಲ.’ ಹೈದರಾಬಾದ್ ಬೆಳೆದದ್ದೇ ತೆರಿಗೆ ವಿನಾಯಿತಿಯಿಂದ ಎಂಬುದು ಈ ಮಾತಿನ ಹಿಂದಿರುವ ನಂಬಿಕೆ. ಇದು ನಿಲ್ಲುವ ನಂಬಿಕೆಯಲ್ಲ. ಸಾಫ್ಟ್‌ವೇರ್ ರಫ್ತಿಗೆ ಸಿಕ್ಕ ಅತಿ ದೊಡ್ಡ ರಿಯಾಯಿತಿ ಎಂದರೆ ಆದಾಯ ತೆರಿಗೆ ವಿನಾಯಿತಿ. ಅದನ್ನು ಕೊಟ್ಟದ್ದು ರಾಜ್ಯವಲ್ಲ, ಕೇಂದ್ರ. 2011ರ ಮಾರ್ಚ್‌ವರೆಗೆ ಅದು ಮೈಸೂರಿಗೂ ಇತ್ತು, ಭುವನೇಶ್ವರಕ್ಕೂ ಇತ್ತು, ತಿರುವನಂತಪುರಕ್ಕೂ ಇತ್ತು. ಎಲ್ಲ ಹೊಲಗಳಿಗೂ ಒಂದೇ ಮಳೆ ಬಿದ್ದು ಕೆಲವೇ ಹೊಲ ತುಂಬಿ ಬೆಳೆದರೆ, ನೋಡಬೇಕಾದದ್ದು ಮಣ್ಣನ್ನು.

ಹೈದರಾಬಾದಿನ ಮಣ್ಣು ಹದವಾಗಿದ್ದು ತೆರಿಗೆ ಪೈಪೋಟಿ ಶುರುವಾಗುವ ಎಷ್ಟೋ ಮೊದಲು. ಕೇಂದ್ರ ಸರ್ಕಾರದ ಉದ್ಯಮಗಳಾದ ಬಾಲಾನಗರದ ಔಷಧ ಕಂಪನಿ ಐಡಿಪಿಎಲ್, ರಾಮಚಂದ್ರಾಪುರದ ಬಿಎಚ್‌ಇಎಲ್, 1967ರ ಇಸಿಐಎಲ್, ಜೊತೆಗೆ ಪ್ರಯೋಗಾಲಯಗಳು, ವಿಶ್ವವಿದ್ಯಾಲಯಗಳು. ಇವು ಒಂದು ಇಡೀ ತಲೆಮಾರಿನ ರಸಾಯನಶಾಸ್ತ್ರಜ್ಞರಿಗೂ ಎಂಜಿನಿಯರುಗಳಿಗೂ ಕೆಲಸ ಕಲಿಸಿದವು. ಐಡಿಪಿಎಲ್‌ನಲ್ಲಿ ದುಡಿದಿದ್ದ ಕೆ. ಅಂಜಿರೆಡ್ಡಿ 1984ರಲ್ಲಿ ಡಾ. ರೆಡ್ಡೀಸ್ ಔಷಧ ಕಂಪನಿ ಕಟ್ಟಿದರು. 1970ರ ಪೇಟೆಂಟ್ ಕಾಯ್ದೆ ಔಷಧಿಯ ಅಣುವಿಗಲ್ಲ, ತಯಾರಿಕಾ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿದ್ದರಿಂದ ಇಂಥವರ ಜ್ಞಾನಕ್ಕೆ ಮಾರುಕಟ್ಟೆ ತೆರೆಯಿತು. 1998ರಲ್ಲಿ ಐಟಿ ಕಚೇರಿಗಳಿಗೆಂದೇ ಕಟ್ಟಿದ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಅದೇ ವರ್ಷ ಐಐಐಟಿಯೂ ಮೈಕ್ರೋಸಾಫ್ಟ್‌ನ ಅಭಿವೃದ್ಧಿ ಕೇಂದ್ರವೂ ಬಂದವು. 2008ರಲ್ಲಿ ಶಂಷಾಬಾದ್ ವಿಮಾನ ನಿಲ್ದಾಣ, ಆಮೇಲೆ 158 ಕಿ.ಮೀ. ಹೊರವರ್ತುಲ ರಸ್ತೆ. ತೆಲಂಗಾಣದ 2014ರ ಏಕಗವಾಕ್ಷಿ ಅನುಮತಿಯ ಟಿಎಸ್-ಐಪಾಸ್ ಕಾಯ್ದೆಯಡಿ ಬೃಹತ್ ಯೋಜನೆಗಳಿಗೆ 15 ದಿನದೊಳಗೆ ಒಪ್ಪಿಗೆ ಸಿಗಬೇಕು. ಸರ್ಕಾರ ಅಗ್ಗದಲ್ಲಿ ಜಮೀನು ಕೊಟ್ಟದ್ದು ನಿಜ, ಅದೂ ರಿಯಾಯಿತಿಯೇ. ಆದರೆ ರಸ್ತೆ, ಕಾಲೇಜು, ಕಲಿತ ಕೈಗಳಿಲ್ಲದ ಕಡೆ ಅಷ್ಟೇ ಅಗ್ಗದ ಜಮೀನು ಬೇಲಿ ಹಾಕಿಸಿಕೊಂಡು ಖಾಲಿ ಬಿದ್ದಿರುವುದು ನಮ್ಮ ಅನೇಕ ಕೈಗಾರಿಕಾ ಪ್ರದೇಶಗಳಲ್ಲಿ ಕಾಣುತ್ತದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪ ಹಿಮಾಚಲದ ಬದ್ದಿ. 2003ರಲ್ಲಿ ಕೇಂದ್ರವು ಹತ್ತು ವರ್ಷದ ಅಬಕಾರಿ ಸುಂಕ ವಿನಾಯಿತಿ ಘೋಷಿಸಿದ ಮೇಲೆ ಅಲ್ಲಿಗೆ ಔಷಧ ಕಂಪನಿಗಳು ಸಾಲುಗಟ್ಟಿದವು. ಡಾ. ರೆಡ್ಡೀಸ್ ಕೂಡ ಘಟಕ ತೆರೆಯಿತು. ಹಾಗಾಗಿ ತೆರಿಗೆ ವಿನಾಯಿತಿಯಿಂದ ಏನೂ ಆಗುವುದಿಲ್ಲ ಎನ್ನಲಾಗದು. ಆದರೆ ಅಲ್ಲಿಗೆ ಹೋದದ್ದು ಯಾವುದು ಎಂದು ನೋಡಬೇಕು: ಹೆಚ್ಚಾಗಿ ಮಾತ್ರೆ ಮಾಡಿ ಪ್ಯಾಕ್ ಮಾಡುವ ಕೆಲಸ. ಹೈದರಾಬಾದಿನ ಕಂಪನಿಗಳ ಸಂಶೋಧನೆ, ಮೂಲ ಔಷಧದ ತಯಾರಿಕೆ, ಕೇಂದ್ರ ಕಚೇರಿ ಬಹುತೇಕ ಹೈದರಾಬಾದಿನಲ್ಲೇ ಉಳಿದವು. ಸುಲಭವಾಗಿ ಎತ್ತಿಟ್ಟುಕೊಂಡು ಹೋಗಬಹುದಾದ ಕೆಲಸ ಮಾತ್ರ ತೆರಿಗೆ ವಿನಾಯಿತಿಯ ಬೆನ್ನು ಹತ್ತುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ 2018ರಲ್ಲಿ ಹೇಳಿದ್ದೂ ಇದಕ್ಕೆ ಹೊಂದುತ್ತದೆ. ಪ್ರೋತ್ಸಾಹಧನ ಪಡೆದ ಕಂಪನಿಗಳಲ್ಲಿ ಅದರಿಂದಲೇ ನಿರ್ಧಾರ ಬದಲಿಸಿದವು ಶೇ. 2ರಿಂದ 25ರಷ್ಟು ಮಾತ್ರ. ಉಳಿದವು ಹೇಗಿದ್ದರೂ ಬರುತ್ತಿದ್ದವು.

‘ಬಾರದ ತೆರಿಗೆಯನ್ನು ಬಿಟ್ಟರೆ ಖಜಾನೆಗೇನು ನಷ್ಟ?’ ಎಂಬುದು ಇನ್ನೊಂದು ತಪ್ಪು ಎಣಿಕೆ. ತೆಲಂಗಾಣದ 2014ರ ಟಿ-ಐಡಿಯಾ ನೀತಿಯಲ್ಲಿ ಸಣ್ಣ ಘಟಕಗಳಿಗೆ 5 ವರ್ಷ ನಿವ್ವಳ ವ್ಯಾಟ್ ಪೂರ್ತಿ ವಾಪಸ್, ದೊಡ್ಡವಕ್ಕೆ 7 ವರ್ಷ ಅರ್ಧ ಎಂದಿತ್ತು. ವಾಪಸ್ ಕೊಡುವುದು ಎಂದರೆ ಬಜೆಟ್‌ನಿಂದ ಹಣ ಹೊರಡುವುದು. ಇತ್ತ ಕಂಪನಿ ಬಂದ ದಿನದಿಂದಲೇ ನೀರು, ಚರಂಡಿ, ರಸ್ತೆಯ ಹೊರೆ ಪಾಲಿಕೆಯ ಹೆಗಲೇರುತ್ತದೆ. ವಿನಾಯಿತಿ ನಿರ್ಧರಿಸುವವರು ಒಬ್ಬರು, ಹೊರುವವರು ಇನ್ನೊಬ್ಬರು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಔಷಧ ಕಾರ್ಖಾನೆಗಳ ತ್ಯಾಜ್ಯದಿಂದ ಕೆಟ್ಟ ನಕ್ಕವಾಗು ಹಳ್ಳದ ನೀರು, ಅದನ್ನು ನಂಬಿದ್ದ ರೈತರ ನಷ್ಟ ಯಾವ ಒಪ್ಪಂದದ ಲೆಕ್ಕದಲ್ಲೂ ಬಂದಿರಲಿಲ್ಲ. ಹಾಗೆ ನೋಡಿದರೆ 1999ರಲ್ಲಿ ರಾಜ್ಯಗಳು ತಾವೇ ಕೂತು ಮಾರಾಟ ತೆರಿಗೆಯ ರಿಯಾಯಿತಿ ಪೈಪೋಟಿ ನಿಲ್ಲಿಸಲು ಒಪ್ಪಿದ್ದವು. ಎಲ್ಲರೂ ಕಳೆದುಕೊಳ್ಳುತ್ತಿದ್ದೇವೆಂಬುದು ಅವಕ್ಕೆ ತಿಳಿದಿತ್ತು. ಆದರೂ ಪೈಪೋಟಿ ಬೇರೆ ಹೆಸರುಗಳಲ್ಲಿ ಮರಳಿತು.

1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ, ರಾಯಚೂರುಗಳಿಗೆ ಈ ಪಾಠ ಹೆಚ್ಚು ಮುಖ್ಯ. ಕರ್ನಾಟಕದ ಕೈಗಾರಿಕಾ ನೀತಿಗಳು ಹಿಂದುಳಿದ ತಾಲ್ಲೂಕುಗಳಿಗೆ ಬೆಂಗಳೂರಿಗಿಂತ ಹೆಚ್ಚು ರಿಯಾಯಿತಿ ಕೊಡುತ್ತ ಬಂದಿವೆ. ಉದ್ಯಮ ಮಾತ್ರ ಹೆಚ್ಚಾಗಿ ಬೆಂಗಳೂರಿಗೇ ಹೋಯಿತು. ಆದ್ದರಿಂದ ಮುಂದಿನ ಹೂಡಿಕೆ ಘೋಷಣೆಯಾದಾಗ ಎಷ್ಟು ತೆರಿಗೆ ಬಿಟ್ಟರು ಎಂದು ಕೇಳಿ ಸುಮ್ಮನಾಗಬೇಡಿ. ಒಪ್ಪಂದ ಬಹಿರಂಗವಾಗಲಿ, ಹೇಳಿದಷ್ಟು ಕೆಲಸ ಕೊಡದ ಕಂಪನಿಯಿಂದ ಹಣ ಹಿಂಪಡೆಯುವ ಷರತ್ತು ಅದರಲ್ಲಿರಲಿ ಎಂದು ನಿಮ್ಮ ಶಾಸಕರನ್ನು ಒತ್ತಾಯಿಸಿ. ಅಷ್ಟೇ ಹಣದಲ್ಲಿ ಕಲಬುರಗಿಯ ಐಟಿಐ, ಪಾಲಿಟೆಕ್ನಿಕ್‌ಗಳಿಗೆ ಏನು ಮಾಡಬಹುದಿತ್ತು ಎಂಬುದನ್ನೂ ಕೇಳಿ.