ಕಡಲಾಳಕ್ಕೆ ಇಳಿಯುವ ಮುನ್ನ

ಕಳೆದ ತಿಂಗಳು ಒಂದು ಸಂಜೆ ಪರಿಚಯದ ಕುಟುಂಬವೊಂದು ನನ್ನ ಚಿಕಿತ್ಸಾಲಯಕ್ಕೆ ಬಂದಿತ್ತು. ಗಂಡನಿಗೆ 47 ವರ್ಷ, ಹೆಂಡತಿಗೆ 42, ಮಗ ಪಿಯುಸಿ ಓದುತ್ತಿರುವವನು. ಯಾರಿಗೂ ಕಾಯಿಲೆ ಇರಲಿಲ್ಲ. ಅವರ ಕೈಯಲ್ಲಿದ್ದುದು ಮಾಲ್ಡೀವ್ಸ್‌ನ ಸ್ಕೂಬಾ ಡೈವಿಂಗ್ ಕೇಂದ್ರವೊಂದು ಕಳುಹಿಸಿದ್ದ ಆರೋಗ್ಯ ಪ್ರಶ್ನಾವಳಿ. "ಡಾಕ್ಟ್ರೇ, ಇಲ್ಲೊಂದು ಸೈನ್ ಹಾಕಿಬಿಡಿ, ನಾಡಿದ್ದು ಹೊರಡ್ತಿದ್ದೀವಿ" ಎಂದರು ಯಜಮಾನರು.

ಪ್ರಶ್ನಾವಳಿಯಲ್ಲಿ ಎಲ್ಲ ಪ್ರಶ್ನೆಗಳಿಗೂ "ಇಲ್ಲ" ಎಂದು ಗುರುತು ಹಾಕಿಯಾಗಿತ್ತು. ಆದರೆ ಯಜಮಾನರಿಗೆ ಮೂರು ವರ್ಷದಿಂದ ರಕ್ತದೊತ್ತಡದ ಮಾತ್ರೆ ಬರೆದುಕೊಡುತ್ತಿರುವವನು ನಾನೇ. ಮಗನಿಗೆ ಚಿಕ್ಕಂದಿನಿಂದ ಉಬ್ಬಸ. ಈಗಲೂ ಚಳಿಗಾಲದಲ್ಲಿ ಇನ್‌ಹೇಲರ್ ಬೇಕಾಗುತ್ತದೆ. ತಾಯಿಗೆ ಆ ದಿನ ಜೋರು ನೆಗಡಿ. ಪ್ರವಾಸದ ಪಟ್ಟಿ ಕೇಳಿ ನೋಡಿದೆ. ಕೊನೆಯ ದಿನ ಬೆಳಿಗ್ಗೆ ಡೈವಿಂಗ್, ಅದೇ ಮಧ್ಯಾಹ್ನ ವಿಮಾನ. ನಾನು ಸಹಿ ಹಾಕಲಿಲ್ಲ. ಅವರಿಗೆ ಬೇಸರವಾಯಿತು. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಸಮುದ್ರದಲ್ಲಿ 10 ಮೀಟರ್ ಕೆಳಗಿಳಿದರೆ ದೇಹದ ಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ. 20 ಮೀಟರ್‌ಗೆ ಮೂರು ಪಟ್ಟು. ನಮ್ಮ ಮಾಂಸ, ಮೂಳೆ, ರಕ್ತಕ್ಕೆ ಇದರಿಂದ ಹೆಚ್ಚಿನ ಬಾಧೆಯಿಲ್ಲ, ಏಕೆಂದರೆ ನೀರನ್ನು ಅದುಮಲಾಗದು. ತೊಂದರೆ ಇರುವುದು ಗಾಳಿ ತುಂಬಿದ ಜಾಗಗಳಲ್ಲಿ, ಅಂದರೆ ಕಿವಿ, ಮೂಗಿನ ಸುತ್ತಲಿನ ಸೈನಸ್, ಶ್ವಾಸಕೋಶಗಳಲ್ಲಿ. ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ಶಾಲೆಯಲ್ಲಿ ಓದಿದ ಬಾಯ್ಲ್‌ನ ನಿಯಮ ಇದೇ.

ಆಗುಂಬೆ ಘಾಟಿ ಇಳಿಯುವಾಗ ಕಿವಿ ಗವ್ ಎನ್ನುವುದು ಎಲ್ಲರ ಅನುಭವ. ಅಷ್ಟೂ ಘಾಟಿ ಇಳಿದಾಗ ಕಿವಿಯ ಮೇಲೆ ಬೀಳುವ ಹೆಚ್ಚುವರಿ ಒತ್ತಡ, ಸಮುದ್ರದಲ್ಲಿ ಸುಮಾರು ಮುಕ್ಕಾಲು ಮೀಟರ್ ಇಳಿದರೇ ಬಿದ್ದುಬಿಡುತ್ತದೆ. ಹಾಗಾಗಿ ಡೈವಿಂಗ್ ಮಾಡುವವರು ಇಳಿಯತೊಡಗಿದ ಕ್ಷಣದಿಂದಲೇ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಕ್ಕೆ ಗಾಳಿ ತುಂಬಿಸಿಕೊಳ್ಳುತ್ತಿರಬೇಕು. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ. ನೋವಾದರೆ ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ಜೋರಾಗಿ ಊದಿದರೆ ಒಳಗಿವಿಗೇ ಪೆಟ್ಟಾಗಬಹುದು. ನೆಗಡಿಯಾದಾಗ ಗಂಟಲಿನಿಂದ ಕಿವಿಗೆ ಹೋಗುವ ಯೂಸ್ಟೇಕಿಯನ್ ನಾಳ ಊದಿಕೊಂಡು ಮುಚ್ಚಿರುತ್ತದೆ. ಅಂಥ ಸ್ಥಿತಿಯಲ್ಲಿ ಹಟ ಮಾಡಿ ಇಳಿದರೆ ತಮಟೆ ಹರಿಯುತ್ತದೆ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವವರೂ ಇದ್ದಾರೆ. ನೀರಿನಡಿಯಲ್ಲಿರುವಾಗಲೇ ಮಾತ್ರೆಯ ಪ್ರಭಾವ ಮುಗಿದರೆ, ಹಿಗ್ಗುವ ಗಾಳಿ ಹೊರಬರಲಾಗದೆ ಮೇಲೇರುವಾಗ ನೋವು ಶುರುವಾಗುತ್ತದೆ. ನೆಗಡಿಗೆ ಒಂದೇ ಉಪಾಯ, ಅಂದು ಇಳಿಯದಿರುವುದು.

ಶ್ವಾಸಕೋಶದ ವಿಷಯ ಇದಕ್ಕಿಂತ ಗಂಭೀರ. 10 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎದೆತುಂಬ, ಅಂದರೆ ಸುಮಾರು 6 ಲೀಟರ್ ಗಾಳಿ ಎಳೆದುಕೊಂಡು, ಹೆದರಿಕೆಯಿಂದ ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದೇ ಗಾಳಿ 12 ಲೀಟರ್ ಆಗಲು ಹವಣಿಸುತ್ತದೆ. ಶ್ವಾಸಕೋಶ ಹರಿದು, ಗಾಳಿಗುಳ್ಳೆಗಳು ರಕ್ತದೊಂದಿಗೆ ಮಿದುಳಿಗೆ ಹೋಗಿ ಪಾರ್ಶ್ವವಾಯುವಿನಂತೆ ಬಡಿಯಬಹುದು. ಈಜುಕೊಳದಷ್ಟು ಆಳದಲ್ಲೂ ಇದು ಸಾಧ್ಯ. ಆದ್ದರಿಂದಲೇ ಬೋಧಕರು ಮೊದಲು ಹೇಳಿಕೊಡುವ ಪಾಠ, ಉಸಿರಾಟವನ್ನು ಎಂದೂ ನಿಲ್ಲಿಸಬೇಡಿ ಎಂಬುದು. ಉಬ್ಬಸವಿರುವವರಲ್ಲಿ ಉಸಿರು ಹಿಡಿಯದೆ ಇದ್ದರೂ ಅಪಾಯವಿದೆ. ಸಿಲಿಂಡರಿನ ಗಾಳಿ ಒಣ, ತಂಪು. ಜೊತೆಗೆ ಶ್ರಮ, ಆತಂಕ. ಇವು ಸೇರಿ ಶ್ವಾಸನಾಳ ಕುಗ್ಗಿದರೆ ಗಾಳಿ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಉಬ್ಬಸವಿದ್ದವರೆಲ್ಲರಿಗೂ ಡೈವಿಂಗ್ ನಿಷಿದ್ಧವೆಂದು ನಾನು ಹೇಳುವುದಿಲ್ಲ. ಹತೋಟಿಯಲ್ಲಿದ್ದು, ವ್ಯಾಯಾಮದ ನಂತರವೂ ಶ್ವಾಸಕೋಶದ ಪರೀಕ್ಷೆ ಸರಿಯಾಗಿದ್ದರೆ ತಜ್ಞರು ಒಪ್ಪಿಗೆ ಕೊಡುವುದುಂಟು. ಆ ಪರೀಕ್ಷೆಯನ್ನು ಹೊರಡುವ ಹಿಂದಿನ ದಿನ ಮಾಡಲಾಗದು. ಮೂರ್ಛೆರೋಗ ಇದ್ದವರು, ತಾನಾಗಿಯೇ ಶ್ವಾಸಕೋಶ ಒಡೆದು ಎದೆಯಲ್ಲಿ ಗಾಳಿ ತುಂಬಿದ ಇತಿಹಾಸವಿರುವವರು ಮತ್ತು ಗರ್ಭಿಣಿಯರು ಇಳಿಯಲೇಬಾರದು. ಮುಟ್ಟಿನ ದಿನಗಳಲ್ಲಿ ಇಳಿಯಬಹುದೇ ಎಂದು ಹೆಣ್ಣುಮಕ್ಕಳು ಸಂಕೋಚದಿಂದ ಕೇಳುತ್ತಾರೆ. ಧಾರಾಳವಾಗಿ ಇಳಿಯಬಹುದು.

ಇನ್ನು ವಿಮಾನದ ಮಾತು. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ರಷ್ಟು ಸಾರಜನಕ. ಆಳದಲ್ಲಿ ಒತ್ತಡ ಹೆಚ್ಚಿರುವುದರಿಂದ ಅದು ರಕ್ತ, ಕೊಬ್ಬುಗಳಲ್ಲಿ ಹೆಚ್ಚು ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕ ಹೊರಹೋಗುತ್ತದೆ. ಒಮ್ಮೆಲೇ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳೇಳುತ್ತವೆ. ಕೀಲು ನೋವು, ವಿಪರೀತ ಸುಸ್ತು, ಚರ್ಮದಲ್ಲಿ ಕಲೆ, ಕೈಕಾಲು ಜೋಮು, ಕೆಲವರಿಗೆ ಕಾಲುಗಳ ಶಕ್ತಿಯೇ ಹೋಗುವುದು ಇದರ ಲಕ್ಷಣಗಳು. ಇದನ್ನು ತಪ್ಪಿಸಲೆಂದೇ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರುವ ಪದ್ಧತಿಯಿದೆ. ಆದರೂ ಮೇಲೆ ಬಂದ ಮೇಲೆ ಹಲವು ಗಂಟೆಗಳ ಕಾಲ ದೇಹದಲ್ಲಿ ಸಾರಜನಕ ಉಳಿದಿರುತ್ತದೆ. ವಿಮಾನದೊಳಗಿನ ಒತ್ತಡ ಸುಮಾರು 6ರಿಂದ 8 ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ಅಲ್ಲಿ ಉಳಿದ ಸಾರಜನಕ ಗುಳ್ಳೆಯಾಗುತ್ತದೆ. ಹೀಗಾಗಿ ಒಂದೇ ಸಲ ಇಳಿದಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಅಥವಾ ಹಲವು ದಿನ ಇಳಿದಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂದು ತಜ್ಞರ ಸಲಹೆ. ನಾನಾದರೆ ಲೆಕ್ಕದ ತಲೆನೋವೇ ಬೇಡವೆಂದು 24 ಗಂಟೆ ಎನ್ನುತ್ತೇನೆ. ಡೈವಿಂಗನ್ನು ಪ್ರವಾಸದ ಮೊದಲ ದಿನಗಳಿಗೆ ಇಟ್ಟುಕೊಂಡು ಕೊನೆಯ ದಿನ ದ್ವೀಪ ಸುತ್ತಿದರೆ ಆಯಿತು. ಪ್ರವಾಸದ ಏಜೆಂಟರು ಇದನ್ನು ಹೇಳುತ್ತಾರೆಂದು ನಂಬಿ ಕೂರಬೇಡಿ. ನಮ್ಮ ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಇಳಿದವರೂ ಅದೇ ಸಂಜೆ ಘಾಟಿ ಹತ್ತುವ ಬದಲು ರಾತ್ರಿ ಕರಾವಳಿಯಲ್ಲೇ ತಂಗುವುದು ಒಳಿತು.

ಗುಳ್ಳೆಗಳ ಕಾಯಿಲೆಗೆ ಪ್ರಥಮ ಚಿಕಿತ್ಸೆ ಶುದ್ಧ ಆಮ್ಲಜನಕ. ನಂತರ ಒತ್ತಡದ ಕೋಣೆಯಲ್ಲಿ ಚಿಕಿತ್ಸೆ. ಮಾಲ್ಡೀವ್ಸ್ ಸಾವಿರಕ್ಕೂ ಹೆಚ್ಚು ಪುಟ್ಟ ದ್ವೀಪಗಳ ದೇಶ. ಇಂಥ ಕೋಣೆ ಎಲ್ಲ ದ್ವೀಪಗಳಲ್ಲೂ ಇರುವುದಿಲ್ಲ. ದೋಣಿಯಲ್ಲಿ ಆಮ್ಲಜನಕ ಇಟ್ಟಿರುತ್ತಾರೆಯೇ, ಹತ್ತಿರದ ಒತ್ತಡದ ಕೋಣೆ ಎಲ್ಲಿದೆ ಎಂಬ ಎರಡು ಪ್ರಶ್ನೆಗಳನ್ನು ಮುಂಗಡ ಹಣ ಕಟ್ಟುವ ಮೊದಲೇ ಕೇಳಿ. ಪ್ರವಾಸ ವಿಮೆಯ ಸಣ್ಣಕ್ಷರಗಳನ್ನೂ ಓದಿ. ಎಷ್ಟೋ ವಿಮೆಗಳಲ್ಲಿ ಸ್ಕೂಬಾ ಡೈವಿಂಗ್ ಸೇರಿರುವುದಿಲ್ಲ.

ಯಜಮಾನರ ರಕ್ತದೊತ್ತಡಕ್ಕೆ ಬರೋಣ. ಕುತ್ತಿಗೆವರೆಗೆ ನೀರಿನಲ್ಲಿ ನಿಂತರೇ ಸಾಕು, ಕೈಕಾಲುಗಳ ರಕ್ತ ಎದೆಯ ಕಡೆ ಸರಿದು ಹೃದಯದ ಕೆಲಸ ಹೆಚ್ಚುತ್ತದೆ. ಮೇಲೆ ಸಲಕರಣೆಯ ಭಾರ, ಸೆಳವಿನ ವಿರುದ್ಧ ಈಜು. ಡೈವಿಂಗ್‌ನಲ್ಲಿ ಸಾಯುವ ನಡುವಯಸ್ಸಿನವರಲ್ಲಿ ಅನೇಕರ ಸಾವಿಗೆ ಕಾರಣ ಶಾರ್ಕ್ ಅಲ್ಲ, ಅವರದೇ ಹೃದಯ. 45 ದಾಟಿದವರಿಗೆ ರಕ್ತದೊತ್ತಡ, ಹೆಚ್ಚಿನ ಕೊಲೆಸ್ಟರಾಲ್ ಅಥವಾ ಧೂಮಪಾನದ ಚಟ ಇದ್ದರೆ ವೈದ್ಯರ ಪರೀಕ್ಷೆ ಬೇಕೆಂದು ಆ ಪ್ರಶ್ನಾವಳಿಗಳು ಕೇಳುವುದು ಇದೇ ಕಾರಣಕ್ಕೆ. ಮೂರು ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡುವವರು ಮೊದಲು ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳಲಿ. ಪ್ರಶ್ನಾವಳಿಯಲ್ಲಿ ಸುಳ್ಳು ಬರೆದು ಡೈವಿಂಗ್ ಕೇಂದ್ರದವರನ್ನು ಮೋಸ ಮಾಡಬಹುದು. ನೀರು ಮೋಸ ಹೋಗುವುದಿಲ್ಲ.

ಉಷ್ಣವಲಯದ ಉಳಿದ ಕಾಟಗಳು ನಮಗೆ ಹೊಸವಲ್ಲ. ಮಾಲ್ಡೀವ್ಸ್ ಮಲೇರಿಯಾ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಘೋಷಿಸಿತು, ಆದ್ದರಿಂದ ಅಲ್ಲಿಗೆ ಮಲೇರಿಯಾ ಮಾತ್ರೆ ಬೇಡ. ಮಲೇರಿಯಾ ಇರುವ ಬೇರೆ ದೇಶಕ್ಕೆ ಹೋಗುವವರು ತಾವು ಡೈವಿಂಗ್ ಮಾಡುವುದನ್ನು ವೈದ್ಯರಿಗೆ ತಿಳಿಸಬೇಕು; ಮೆಫ್ಲೋಕ್ವಿನ್ ಎಂಬ ಮಾತ್ರೆ ತಲೆಸುತ್ತು, ಗೊಂದಲ ತರಬಹುದಾದ್ದರಿಂದ ಅವರಿಗೆ ಹಿಡಿಸದು. ಆದರೆ ಡೆಂಗೆ ಮಾಲ್ಡೀವ್ಸ್‌ನಲ್ಲೂ ಇದೆ. ಅದರ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ 10 ವರ್ಷ ದಾಟಿದ್ದರೆ ಮತ್ತೆ ಹಾಕಿಸಿ, ಹವಳದ ಗೀರು ಸುಲಭಕ್ಕೆ ಮಾಯುವುದಿಲ್ಲ. ವಿಷದ ಮುಳ್ಳಿನ ಮೀನು ಚುಚ್ಚಿದರೆ, ತಡೆಯಬಹುದಾದಷ್ಟು ಬಿಸಿ ನೀರಿನಲ್ಲಿ (ಸುಮಾರು 45 ಡಿಗ್ರಿ) ಆ ಭಾಗವನ್ನು ಅರ್ಧದಿಂದ ಒಂದೂವರೆ ಗಂಟೆ ಅದ್ದಿಡಬೇಕು. ಶಾಖಕ್ಕೆ ಆ ವಿಷ ಕೆಡುತ್ತದೆ. ದೋಣಿಯಲ್ಲಿ ವಾಂತಿ ಬರುವವರು ಮಾತ್ರೆಯನ್ನು ಮನೆಯಲ್ಲಿ ಒಮ್ಮೆ ನುಂಗಿ ನೋಡಿ, ಮಂಪರು ಬಂದರೆ ಅದನ್ನು ನುಂಗಿ ನೀರಿಗಿಳಿಯಬೇಡಿ. ನೀರು ಚೆನ್ನಾಗಿ ಕುಡಿಯಿರಿ. ಪ್ರತಿಸಲ ಮೇಲೆ ಬಂದ ಮೇಲೆ ಕಿವಿಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಲು ಬಿಡಿ. ಹತ್ತಿಕಡ್ಡಿ ಹಾಕಿ ಕೆದಕಬೇಡಿ. ನಿತ್ಯದ ಮಾತ್ರೆಗಳ ಜೊತೆಗೆ ವೈದ್ಯರ ಚೀಟಿಯನ್ನೂ ಒಯ್ಯಿರಿ.

ಆ ಕುಟುಂಬ ಪ್ರವಾಸವನ್ನು ರದ್ದು ಮಾಡಲಿಲ್ಲ. ತಾಯಿಯ ನೆಗಡಿ ಎರಡನೇ ದಿನವೂ ಬಿಡದ್ದರಿಂದ ಅವರು ನೀರಿಗಿಳಿಯಲಿಲ್ಲ. ತಂದೆ, ಮಗ ಲೈಫ್ ಜಾಕೆಟ್ ತೊಟ್ಟು, ಮಾರ್ಗದರ್ಶಿಯ ಜೊತೆ ನೀರಿನ ಮೇಲ್ಮೈಯಲ್ಲೇ ಸ್ನಾರ್ಕೆಲ್ ಹಾಕಿ ಆಮೆ ನೋಡಿ ಬಂದರು. ವಾಪಸಾದ ಐದನೇ ದಿನ ಯಜಮಾನರಿಗೆ ಜ್ವರ, ಕಣ್ಣಿನ ಹಿಂದೆ ನೋವು. ಮೈಕೈ ನೋವಿಗೆ ಬೇರೇನೂ ನುಂಗದೆ ಬರೀ ಪ್ಯಾರಾಸಿಟಮಾಲ್ ತೆಗೆದುಕೊಂಡು ಬಂದಿದ್ದರು. ಪರೀಕ್ಷೆಯಲ್ಲಿ ಡೆಂಗೆ ಎಂದು ತಿಳಿಯಿತು, ಒಂದು ವಾರದಲ್ಲಿ ಚೇತರಿಸಿಕೊಂಡರು. ಮಗನಿಗೆ ಶ್ವಾಸಕೋಶದ ತಜ್ಞರ ಬಳಿ ಮುಂದಿನ ತಿಂಗಳಿಗೆ ಸಮಯ ನಿಗದಿಯಾಗಿದೆ.