ಪಾದದ ಮಾತು ಕೇಳುವ ಬಟ್ಟೆ

ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಕೆಲವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗುತ್ತೆ. ಚಪ್ಪಲಿ ಒತ್ತಿದರೂ ಗೊತ್ತಾಗಲ್ಲ. ಹೆಬ್ಬೆರಳ ಬುಡದಲ್ಲಾದ ಸಣ್ಣ ಹುಣ್ಣು ಮುಂದೆ ಕಾಲಿಗೇ ಕುತ್ತು ತರಬಹುದು. ನರ ಹೇಳಬೇಕಾದ ಮಾತನ್ನು ಕಾಲುಚೀಲ ಹೇಳಬಹುದಾ? ಇವತ್ತಿನ ಸಂಚಿಕೆ ಅದರ ಬಗ್ಗೆ.

ಒತ್ತಡ ಅಳೆಯುವ ಬಟ್ಟೆಯ ತತ್ವ ಸರಳ. ವಿದ್ಯುತ್ ಹರಿಯುವ ಎರಡು ಪದರ, ನಡುವೆ ಮೆತ್ತನೆಯದೊಂದು ಪದರ. ಒತ್ತಿದಾಗ ಅಂತರ ಕಡಿಮೆಯಾಗಿ ಕೆಪ್ಯಾಸಿಟೆನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಹೆಚ್ಚುತ್ತೆ. ಇನ್ನೊಂದು ಬಗೆಯಲ್ಲಿ ನಡುವೆ ಇಂಗಾಲ ಬೆರೆಸಿದ ಪದರ ಇರುತ್ತೆ; ಒತ್ತಿದಷ್ಟೂ ವಿದ್ಯುತ್ ರೋಧ ಇಳಿಯುತ್ತೆ. ಹಿಮ್ಮಡಿಯಿಂದ ಬೆರಳವರೆಗೆ ಇಂಥ ಹಲವು ಬಿಂದುಗಳಿದ್ದರೆ, ಪ್ರತಿ ಹೆಜ್ಜೆಯಲ್ಲೂ ಭಾರ ಎಲ್ಲಿಂದ ಎಲ್ಲಿಗೆ ಸಾಗಿತು ಅನ್ನೋ ನಕ್ಷೆ ಸಿಗುತ್ತೆ.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಈ ದಾರಿಯ ಎರಡು ಮುಖ್ಯ ಹೆಜ್ಜೆಗಳಿವೆ. 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ಝೆನಾನ್ ಬಾವೋ ಅವರ ತಂಡ ನಡುವಿನ ರಬ್ಬರ್ ಪದರದಲ್ಲಿ ಸೂಕ್ಷ್ಮ ಪಿರಮಿಡ್‌ಗಳನ್ನು ಮೂಡಿಸಿತು. ಅವುಗಳ ನಡುವೆ ಗಾಳಿ ಇರೋದರಿಂದ ರಬ್ಬರ್ ಸುಲಭವಾಗಿ ಕುಗ್ಗುತ್ತೆ, ಬೇಗ ಮೊದಲಿನಂತಾಗುತ್ತೆ. ಒಂದು ನೊಣದ ಭಾರವೂ ಅದಕ್ಕೆ ತಿಳಿಯಿತು! 2013ರಲ್ಲಿ ಅದೇ ತಂಡ ಮಣಿಕಟ್ಟಿನ ನಾಡಿಮಿಡಿತವನ್ನೂ ದಾಖಲಿಸಿತು. ಆದರೆ ಅದು ತೆಳುಹಾಳೆ, ನೇಯ್ದ ಬಟ್ಟೆಯಲ್ಲ.

ನೇಯ್ಗೆಗೆ ಕೈಹಾಕಿದ್ದು ಗೂಗಲ್ ಮತ್ತು ಲೀವೈಸ್. 2015ರಲ್ಲಿ ಘೋಷಿಸಿದ ಯೋಜನೆಯ ಹೆಸರು ಜಕಾರ್ಡ್. ಹೌದು, ನಮ್ಮ ನೇಕಾರರ ಮಗ್ಗದ ಹೆಸರೇ. ಜರಿಯಲ್ಲಿ ದಾರದ ಸುತ್ತ ಲೋಹ ಇದ್ದರೆ, ಇಲ್ಲಿ ತೆಳು ಲೋಹದ ಎಳೆಯ ಜೊತೆ ಹತ್ತಿ, ರೇಷ್ಮೆಯಂಥ ನೂಲನ್ನು ಹೆಣೆದಿದ್ದರು. 2017ರಲ್ಲಿ ಬಂದ ಜಾಕೆಟ್ ತೋಳಿನ ಮೇಲಿನ ಬೆರಳ ಸ್ಪರ್ಶವನ್ನಷ್ಟೇ ಗುರುತಿಸುತ್ತಿತ್ತು, ನಡಿಗೆಯನ್ನಲ್ಲ. ಒಗೆಯಬಹುದಿತ್ತು, ಆದರೆ ಸುಮಾರು ಹತ್ತು ಸಲ ಮಾತ್ರ. ಕಾಲುಚೀಲಕ್ಕೆ ಅಷ್ಟು ಸಾಕಾಗುತ್ತಾ? ಬೆವರು, ಮಡಿಕೆ, ಒಗೆತ, ಇವೆಲ್ಲವೂ ಅಳತೆಯನ್ನು ಕೆಡಿಸುತ್ತವೆ.

ಇನ್ನೂ ಕಷ್ಟದ ಪ್ರಶ್ನೆ ಬಟ್ಟೆಯದ್ದಲ್ಲ, ಮನುಷ್ಯನದ್ದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ಉಳಿಸಲು ದುಡಿದ ಡಾ. ಪಾಲ್ ಬ್ರ್ಯಾಂಡ್, ಮುಂದೆ ಅಮೆರಿಕದ ಕಾರ್ವಿಲ್‌ನಲ್ಲಿ ಒತ್ತಡ ಹೆಚ್ಚಾದರೆ ಎಚ್ಚರಿಸುವ ಸಾಧನ ಮಾಡಿನೋಡಿದರು. ರೋಗಿಗಳು ಎಚ್ಚರಿಕೆಗೆ ಕಿವಿಗೊಡಲಿಲ್ಲ. ಕೆಲಸಕ್ಕೆ ಅಡ್ಡಿಯಾದಾಗ ಸಾಧನವನ್ನೇ ಆಫ್ ಮಾಡಿದರು. ನಿಜವಾದ ನೋವನ್ನು ಹಾಗೆ ಆಫ್ ಮಾಡೋಕಾಗಲ್ಲ.

ಆದ್ದರಿಂದ ಸೆನ್ಸರ್ ಎಷ್ಟೇ ಚುರುಕಾದರೂ, ಅದರ ಮಾತು ಕೇಳುವವರು ಬೇಕು. ಅಲ್ಲಿಯವರೆಗೆ ಒಂದು ಸಣ್ಣ ಕೆಲಸ: ಊರಲ್ಲಿರೋ ಅಪ್ಪ, ಅಮ್ಮನಿಗೆ ಸಕ್ಕರೆ ಕಾಯಿಲೆ ಇದ್ದರೆ, ಮುಂದಿನ ಸಲ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ "ಇವತ್ತು ಅಂಗಾಲು ನೋಡಿಕೊಂಡ್ರಾ" ಅಂತಲೂ ಕೇಳಿ. ಬಗ್ಗೋಕಾಗದಿದ್ದರೆ ಕನ್ನಡಿ ಸಾಕು.